ಡಿಕ್ಕಿ ಸೀಟೋ, ಡಿಕ್ಕಿಯೋ: ಹಳೇ ಕೂಪೆಯ ಬೆನ್ನಿಗೆ ನಾಲ್ಕು ದಾರಿ

ಕಾರಿನ ಹಿಂದೆ ಸಾಮಾನು ಇಡುವ ಜಾಗಕ್ಕೆ ನಾವೆಲ್ಲ ಡಿಕ್ಕಿ ಅಂತೇವೆ. ಗಾಡಿಗೆ ಗಾಡಿ ಗುದ್ದಿದರೂ ಡಿಕ್ಕಿಯೇ. ಆದರೆ ಕಾರಿನ ಡಿಕ್ಕಿಗೆ ಆ ಹೆಸರು ಬಂದದ್ದು ಸಾಮಾನಿನಿಂದ ಅಲ್ಲ, ಮನುಷ್ಯರಿಂದ. ಕುದುರೆ ಸಾರೋಟಿನ ಹಿಂದೆ ಆಳುಗಳು ಕೂರುತ್ತಿದ್ದ ಸೀಟನ್ನು ಬ್ರಿಟಿಷರು ಡಿಕ್ಕಿ ಅನ್ನುತ್ತಿದ್ದರು. ಕಾರು ಬಂದ ಮೇಲೆ ಎರಡು ಸೀಟಿನ ಸಣ್ಣ ಕಾರಿನ, ಅಂದರೆ ಕೂಪೆಯ ಬೆನ್ನಲ್ಲಿ, ಚಾವಣಿಯ ಹೊರಗೆ, ಮುಚ್ಚಳ ಎಳೆದರೆ ಬಿಚ್ಚಿಕೊಳ್ಳುವ ಸೀಟಿಗೂ ಅದೇ ಹೆಸರು ಅಂಟಿತು. ಅಮೆರಿಕದವರು ಅದಕ್ಕೆ ರಂಬಲ್ ಸೀಟು ಅಂದರು. ತಮಾಷೆಗೆ ‘ಅತ್ತೆ ಸೀಟು’ ಅಂತಲೂ ಕರೆದರು. ಬಿಸಿಲು, ಮಳೆ, ಧೂಳು ಎಲ್ಲ ಅತ್ತೆಯ ಪಾಲಿಗೆ ಅಂತ! ಸೀಟು ಹೋಯಿತು, ಹೆಸರು ನಮ್ಮ ಬಾಯಲ್ಲಿ ಉಳಿಯಿತು.

ಹಾಗಾಗಿ ನಾನು ಇಲ್ಲಿ ಹೇಳಹೊರಟಿರುವುದು ಡಿಕ್ಕಿಯನ್ನು ಡಿಕ್ಕಿ ಮಾಡುವ ಕಥೆ. ಶಿರಸಿಯಲ್ಲಿ ನಮ್ಮ ಮನೆ, ಕೊಟ್ಟಿಗೆಯ ಪಕ್ಕದಲ್ಲಿ 1930ರ ಫೋರ್ಡ್ ಮಾಡೆಲ್ ಎ ಕೂಪೆ. ಕುಮಟಾದಲ್ಲಿ ಭಾವನ ಮನೆ, ಅಲ್ಲಿ ಅದೇ ಕಾಲದ ಒಂದು ಶೆವರ್ಲೆ ಕೂಪೆ. ಎರಡಕ್ಕೂ ಹಿಂದೆ ರಂಬಲ್ ಸೀಟು ಇತ್ತು. ಇಬ್ಬರಿಗೂ ಸಾಮಾನು ಇಡಲು ಜಾಗ ಬೇಕಿತ್ತು. ಇಬ್ಬರೂ ಬೇರೆ ಬೇರೆ ದಾರಿ ಹಿಡಿದೆವು. ಯಾರು ಜಾಣರು ಅನ್ನುವುದು ಮೊದಲ ಮಳೆಗಾಲದಲ್ಲೇ ಗೊತ್ತಾಯಿತು.

ನನ್ನ ಪಕ್ಷ ಯಾವುದು ಅಂತ ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ಒಂದು ಮಧ್ಯಾಹ್ನದಲ್ಲಿ, ಬರೀ ಪಾನಾ ಹಿಡಿದು, ಮೊದಲಿನಂತೆ ಮಾಡಲು ಬರುವ ಕೆಲಸವನ್ನಷ್ಟೇ ಮಾಡಿ. ತಗಡು ಕತ್ತರಿಸಬೇಡಿ.

ಮುಚ್ಚಳ ಯಾವ ಕಡೆ ತೆರೆಯುತ್ತದೆ?

ರಂಬಲ್ ಸೀಟಿನ ಮುಚ್ಚಳಕ್ಕೆ ಬಿಜಾಗರಿ ಕೆಳಗಿರುತ್ತದೆ, ಹಿಂದಿನ ಬಂಪರಿನ ಕಡೆ. ಹಿಡಿಕೆ ಮೇಲಿರುತ್ತದೆ, ಹಿಂದಿನ ಗಾಜಿನ ಕಡೆ. ಹಿಡಿಕೆ ತಿರುಗಿಸಿ ಎಳೆದರೆ ಮುಚ್ಚಳ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಅದರ ಒಳಮೈಗೆ ಹೊಲಿದ ಕುಶನ್ನೇ ಬೆನ್ನೊರಗು. ಡಿಕ್ಕಿ ಇರುವ ಕೂಪೆಯಲ್ಲಿ ಪೂರ್ತಿ ಉಲ್ಟಾ. ಬಿಜಾಗರಿ ಮೇಲೆ, ಹಿಡಿಕೆ ಕೆಳಗೆ.

ಇಷ್ಟೇ ವ್ಯತ್ಯಾಸ ಅಲ್ವಾ ಅನ್ನಿಸಬಹುದು. ಒಮ್ಮೆ ರಂಬಲ್ ಮುಚ್ಚಳ ತೆರೆದು, ಕಾರಿನ ಹಿಂದೆ ನಿಂತು, ಒಳಗೆ ಒಂದು ಚೀಲ ಇಡಲು ನೋಡಿ. ಆಗುವುದಿಲ್ಲ. ನಿಮಗೂ ಗುಂಡಿಗೂ ನಡುವೆ ಮುಚ್ಚಳವೇ ಗೋಡೆಯಂತೆ ನಿಂತಿರುತ್ತದೆ. ಪಕ್ಕಕ್ಕೆ ಬಂದು, ಮಡ್‌ಗಾರ್ಡ್ ಮೇಲೆ ಬಗ್ಗಿ, ಬಾವಿಗೆ ಕೊಡಪಾನ ಇಳಿಸಿದ ಹಾಗೆ ಇಳಿಸಬೇಕು. ಹಳೇ ಕಾರಿನವರು ಮುಚ್ಚಳ ತಿರುಗಿಸಲು ಹೊರಡುವುದಕ್ಕೆ ಮುಖ್ಯ ಕಾರಣ ಇದೇ. ಜಾಗ ಸಾಲದು ಅಂತ ಅಲ್ಲ, ಕೈ ಮುಟ್ಟುವುದಿಲ್ಲ ಅಂತ.

ಇನ್ನೊಂದು ಮಾತು. ಮಾಡೆಲ್ ಎ ಮಾರುಕಟ್ಟೆಗೆ ಬಂದದ್ದು 1927ರ ಡಿಸೆಂಬರಿನಲ್ಲಿ. ನಾಲ್ಕು ಚಿಲ್ಲರೆ ವರ್ಷಗಳಲ್ಲಿ 48 ಲಕ್ಷಕ್ಕೂ ಹೆಚ್ಚು ಗಾಡಿಗಳು ಹೊರಬಂದವು. ಭಾರತಕ್ಕೆ ಬಂದ ಬಲಗಡೆ ಸ್ಟೀರಿಂಗಿನ ಗಾಡಿಗಳ ಹಿಂದೆ ಇದ್ದದ್ದು ಕೆನಡಾದ ಫೋರ್ಡ್. ಆ ಕಾಲದಲ್ಲಿ ಕಾರ್ಖಾನೆಯೇ ಕೂಪೆಯನ್ನು ಎರಡೂ ಬಗೆಯಲ್ಲಿ ಮಾಡುತ್ತಿತ್ತು. ಸಾದಾ ಕೂಪೆಗೆ ಡಿಕ್ಕಿ, ಜಾಸ್ತಿ ದುಡ್ಡು ಕೊಟ್ಟರೆ ರಂಬಲ್ ಸೀಟು. ಸ್ಪೋರ್ಟ್ ಕೂಪೆಗೆ ರಂಬಲ್ ಸೀಟು ಮೊದಲಿಂದಲೇ. ಅಂದರೆ ಫೋರ್ಡ್ ಇದ್ದವರಿಗೆ ಮುಚ್ಚಳ ತಿರುಗಿಸುವುದು ಅಪಚಾರವೇನಲ್ಲ, ಅದಕ್ಕೆ ಕಾರ್ಖಾನೆಯ ಮಾದರಿ ಇದೆ. ಆ ಮಾದರಿಯ ಬಿಜಾಗರಿ, ಚಿಲಕಗಳನ್ನು ಹೊಸದಾಗಿ ಮಾಡಿ ಮಾರುವವರು ಇವತ್ತಿಗೂ ಅಮೆರಿಕದಲ್ಲಿದ್ದಾರೆ. ಬೇರೆ ಕಂಪನಿಯ ಗಾಡಿ ಇದ್ದವರಿಗೆ ಈ ಸೌಕರ್ಯ ಕಡಿಮೆ. ಎಲ್ಲವನ್ನೂ ಲೇತ್ ಅಂಗಡಿಯಲ್ಲೇ ಮಾಡಿಸಿಕೊಳ್ಳಬೇಕು. ಭಾವನ ಪಾಡು ಅದೇ ಆಯಿತು.

ಒಂದನೇ ದಾರಿ: ಸೀಟು ಎತ್ತಿ, ಪೆಟ್ಟಿಗೆ ಇಳಿಸುವುದು

ಇದು ನಾನು ಮಾಡಿದ್ದು, ಹಾಗಾಗಿ ಇದರ ಬಗ್ಗೆ ಸ್ವಲ್ಪ ಉದ್ದ ಹೇಳುತ್ತೇನೆ.

ಕೂರುವ ಕುಶನ್ ಎತ್ತಿದರೆ ಬರುತ್ತದೆ. ಮುಚ್ಚಳದ ಒಳಮೈಯ ಬೆನ್ನೊರಗನ್ನು ಸ್ಕ್ರೂ ಬಿಚ್ಚಿ ತೆಗೆಯಬೇಕು. ಸ್ಕ್ರೂಗಳು ತೊಂಬತ್ತು ವರ್ಷದ ತುಕ್ಕು ಹಿಡಿದಿರುತ್ತವೆ. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟು ಮಲಗಿ, ಅವಸರ ಬೇಡ. ಎರಡೂ ತೆಗೆದ ಮೇಲೆ ಕೆಳಗೆ ಕಾಣುವುದು ಕಾಲು ಇಡುವ ಆಳದ ಗುಂಡಿ, ಅದರ ಹಿಂದೆ ಸೀಟು ಕೂರುತ್ತಿದ್ದ ಎತ್ತರದ ಕಟ್ಟೆ. ನೆಲ ಸಮ ಇಲ್ಲ. ಹಾಗೇ ಸಾಮಾನು ತುಂಬಿದರೆ ಘಟ್ಟದ ತಿರುವಿನಲ್ಲಿ ಎಲ್ಲವೂ ಗುಂಡಿಗೆ ಉರುಳುತ್ತದೆ.

ನಾನು ಕಾರವಾರದ ಕಡೆ ದೋಣಿ ಕೆಲಸ ಮಾಡುವ ಒಬ್ಬ ಆಚಾರಿಯ ಹತ್ತಿರ ಹೋದೆ. ಕಾರಿನ ಕೆಲಸಕ್ಕೆ ದೋಣಿಯ ಆಚಾರಿ ಯಾಕೆ ಅಂತ ಮನೆಯಲ್ಲಿ ನಕ್ಕರು. ನೀರಿನಲ್ಲಿ ಮರ ಹೇಗೆ ಬಾಳುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ, ಅದಕ್ಕೆ. ಗುಂಡಿ ನೋಡಿ ಅವರು ಕೇಳಿದ ಮೊದಲ ಪ್ರಶ್ನೆಯೇ ನನಗೆ ಹೊಳೆದಿರಲಿಲ್ಲ: “ಹೆಗಡೇರೇ, ಇದರೊಳಗೆ ಬಂದ ನೀರು ಎಲ್ಲಿಂದ ಹೊರಗೆ ಹೋಗ್ತದೆ?”

ಅವರ ಸಲಹೆಯಂತೆ ಪೂರ್ತಿ ಹಲಗೆ ಹಾಕಲಿಲ್ಲ. ಅಡಿಕೆ ಒಣಗಿಸುವ ಅಟ್ಟ ಇದೆಯಲ್ಲ, ಸೀಳಿದ ದಬ್ಬೆಗಳ ನಡುವೆ ಸಂದಿ ಬಿಟ್ಟು ಕಟ್ಟಿದ್ದು, ಅದೇ ಲೆಕ್ಕ. ಸಾಗವಾನಿಯ ಪಟ್ಟಿಗಳು, ನಡುವೆ ಅರ್ಧ ಇಂಚು ಸಂದಿ. ಕೆಳಗಿನ ಗಾಳಿ ಮೇಲೆ ಬರುತ್ತದೆ, ಮೇಲಿನ ನೀರು ಕೆಳಗೆ ಇಳಿಯುತ್ತದೆ. ಕಬ್ಬಿಣದ ಮೊಳೆ ಬೇಡವೇ ಬೇಡ ಅಂದರು. ಒದ್ದೆಯಾದಾಗ ಕಬ್ಬಿಣದ ಸುತ್ತಲಿನ ಮರ ಕಪ್ಪಾಗುತ್ತದೆ, ಆಮೇಲೆ ಕೊಳೆಯುತ್ತದೆ. ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಇಡೀ ಚೌಕಟ್ಟು ನಿಂತಿರುವುದು ಸೀಟಿನ ಹಳೇ ಬೋಲ್ಟ್ ತೂತುಗಳ ಮೇಲೆ. ಹೊಸ ತೂತು ಒಂದೂ ಇಲ್ಲ.

ಪಟ್ಟಿಗಳ ಕೆಳಗಿನ ಗುಂಡಿ ಸುಮ್ನೆ ಹಾಳಾಗಲಿಲ್ಲ. ಜಾಕಿ, ಪಾನಾ, ಟ್ಯೂಬು, ಪಂಪು ಎಲ್ಲ ಅಲ್ಲಿವೆ. ಮೇಲೆ ಒಂದು ದೊಡ್ಡ ಪೆಟ್ಟಿಗೆಯ ಬದಲು ಎರಡು ಸಣ್ಣ ಪೆಟ್ಟಿಗೆ ಮಾಡಿಸಿದೆ, ಎರಡಕ್ಕೂ ಮೇಲಿನಿಂದ ಎತ್ತಲು ಹಗ್ಗದ ಹಿಡಿಕೆ. ಪಕ್ಕದಿಂದ ಬಗ್ಗಿ ಎತ್ತುವಾಗ ದೊಡ್ಡ ಪೆಟ್ಟಿಗೆ ಸೊಂಟ ಮುರಿಯುತ್ತದೆ. ಇನ್ನೊಂದು ಕಿವಿಮಾತು: ಮಡ್‌ಗಾರ್ಡ್ ಮೇಲೆ ಒಂದು ಹಳೇ ಕಂಬಳಿ ಹಾಸಿ ಬಗ್ಗಿ. ನನ್ನ ಬೆಲ್ಟಿನ ಬಕಲ್ಲು ಗೀರಿದ ಗೆರೆ ಇನ್ನೂ ಇದೆ.

ಕೊರತೆ ಇಲ್ಲವೆಂದಲ್ಲ. ಪಕ್ಕದಿಂದಲೇ ತುಂಬುವ ಪೀಕಲಾಟ ತಪ್ಪಿಲ್ಲ. ಮಳೆಯಲ್ಲಿ ಮುಚ್ಚಳ ತೆರೆದರೆ ಅದರ ಒಳಮೈ ಆಕಾಶ ನೋಡುತ್ತದೆ, ಪೂರ್ತಿ ನೆನೆಯುತ್ತದೆ, ಮುಚ್ಚುವಾಗ ಆ ನೀರೆಲ್ಲ ಒಳಗೆ. ಇದಕ್ಕೆ ನನ್ನ ಹತ್ತಿರ ಇರುವ ಪರಿಹಾರ ಒಂದೇ. ಮಳೆಯಲ್ಲಿ ತೆರೆಯುವುದಿಲ್ಲ.

ಎರಡನೇ ದಾರಿ: ಮುಚ್ಚಳ ಹಾಗೇ ಇಟ್ಟು, ಒಳಗೆ ಪೂರ್ತಿ ಬದಲಾಯಿಸುವುದು

ಇದು ಮೊದಲನೆಯದರ ಅಣ್ಣ. ಸೀಟು ಶಾಶ್ವತವಾಗಿ ತೆಗೆದು, ಗುಂಡಿಗೆ ತಗಡು ಮುಚ್ಚಿ, ಕಾರ್ಪೆಟ್ ಹಾಸಿ, ಗೋಡೆಗೆ ರೆಕ್ಸಿನ್ ಹೊಡೆಸುವುದು. ನೋಡಲು ಚಂದ. ನನಗೆ ಇದರಲ್ಲಿ ಅರ್ಥ ಕಾಣುವುದಿಲ್ಲ. ತುಂಬುವ ಕಷ್ಟ ಹಾಗೇ ಉಳಿಯುತ್ತದೆ. ಮೇಲಾಗಿ ಕಾರ್ಪೆಟ್ಟಿನ ಕೆಳಗೆ ಹಾಕುವ ಸ್ಪಂಜು ನಮ್ಮ ಕರಾವಳಿಯ ಗಾಳಿಗೆ ಜೂನಿನಲ್ಲಿ ನೆನೆದದ್ದು ದೀಪಾವಳಿಗೂ ಒಣಗುವುದಿಲ್ಲ. ತುಕ್ಕು ಕೆಳಗಿನಿಂದ ತಿನ್ನುತ್ತಿರುತ್ತದೆ, ಮೇಲೆ ಕೆಂಪು ಕಾರ್ಪೆಟ್ ನಗುತ್ತಿರುತ್ತದೆ. ಹುಬ್ಬಳ್ಳಿ ಆಚೆಯ ಒಣ ಊರಿನವರಿಗೆ ಬೇಕಾದರೆ ಇರಲಿ.

ಮೂರನೇ ದಾರಿ: ಮುಚ್ಚಳವನ್ನೇ ತಿರುಗಿಸುವುದು

ಸರಿಯಾಗಿ ಮಾಡಿದರೆ ಬಳಸಲು ಇದಕ್ಕಿಂತ ಒಳ್ಳೆಯದಿಲ್ಲ, ಅದನ್ನು ಒಪ್ಪಬೇಕು. ಹಿಂದೆ ನಿಂತು ತುಂಬಬಹುದು. ಸ್ಟೆಪ್ನಿ ಹಿಂದೆಯೇ ನಿಂತಿದ್ದರೆ ಅದರ ಮೇಲಿಂದ ಕೈ ಚಾಚಬೇಕು, ಅಷ್ಟೇ. ಮಳೆಯಲ್ಲಿ ತೆರೆದರೂ ಮುಚ್ಚಳವೇ ಕೊಡೆಯಂತೆ ಮೇಲೆ ನಿಲ್ಲುತ್ತದೆ. ಸಮಸ್ಯೆ ಇರುವುದು ‘ಸರಿಯಾಗಿ’ ಅನ್ನುವ ಮಾತಿನಲ್ಲಿ.

ಭಾವ ತನ್ನ ಶೆವರ್ಲೆಯನ್ನು ಒಂದು ಗ್ಯಾರೇಜಿಗೆ ಬಿಟ್ಟ. ಯಾವ ಊರು ಅಂತ ಹೇಳುವುದಿಲ್ಲ. ಕೆಲಸಗಾರನಿಗೆ ಕೈ ಚಳಕ ಇತ್ತು, ಆದರೆ ಅವನಿಗೆ ಗೊತ್ತಿದ್ದದ್ದು ಈಗಿನ ಕಾರು. ಮೊದಲನೆಯ ಪೆಟ್ಟು ಮರದಿಂದ ಬಂತು. ಫೋರ್ಡ್ ಕೂಪೆಯ ಮೈ ಬಹುಪಾಲು ಉಕ್ಕು. ಆದರೆ ಆ ಕಾಲದ ಶೆವರ್ಲೆಗಳ ಮೈ ಹಾಗಲ್ಲ. ಹೊರಗೆ ತಗಡು, ಒಳಗೆ ಮರದ ಅಸ್ಥಿಪಂಜರ. ಬಿಜಾಗರಿ ಹಿಡಿಯುವುದು ಮರವನ್ನು. ಭಾವನ ಗಾಡಿಯಲ್ಲಿ ಹಿಂದಿನ ಗಾಜಿನ ಕೆಳಗಿನ ಅಡ್ಡಪಟ್ಟಿಯನ್ನು ಒರಲೆ ತಿಂದು ಹಿಟ್ಟು ಮಾಡಿತ್ತು. ಸ್ಕ್ರೂ ಹಾಕಿದರೆ ಹಿಡಿತ ಇಲ್ಲ. ಆ ಪಟ್ಟಿ ಬದಲಿಸಲು ಹಿಂದಿನ ಅರ್ಧ ಮೈಯ ತಗಡು ಬಿಚ್ಚಬೇಕಾಯಿತು. ನಾಲ್ಕು ದಿನದ ಕೆಲಸ ನಾಲ್ಕು ತಿಂಗಳಿಗೆ ಹೋಯಿತು.

ಎರಡನೆಯದು ಬಿಜಾಗರಿಯ ಆಕಾರ. ಕೂಪೆಯ ಬೆನ್ನು ಬಾಗಿದೆ, ಮನೆಯ ಬಾಗಿಲಿನಂತೆ ನೆಟ್ಟಗಿಲ್ಲ. ಮೇಲೆ ನೇರ ಬಿಜಾಗರಿ ಹಾಕಿದರೆ ಮುಚ್ಚಳ ಎತ್ತುವಾಗ ಅದರ ಮೇಲಂಚು ಮೈಯ ತಗಡಿಗೆ ಕಚ್ಚುತ್ತದೆ. ಅದಕ್ಕೇ ಅಲ್ಲಿ ಬಾತುಕೋಳಿಯ ಕತ್ತಿನಂತೆ ಬಾಗಿದ ಬಿಜಾಗರಿ ಬೇಕು. ಅದು ಮುಚ್ಚಳವನ್ನು ಮೊದಲು ಹೊರಕ್ಕೆ ತಳ್ಳಿ, ಆಮೇಲೆ ಮೇಲಕ್ಕೆತ್ತುತ್ತದೆ. ಭಾವನ ಗ್ಯಾರೇಜಿನವರು ನೇರ ಬಿಜಾಗರಿಯನ್ನೇ ಹಾಕಿದರು. ಕಚ್ಚಿತು. ಕಚ್ಚುತ್ತದೆ ಅಂತ ಅಂಚನ್ನು ಗ್ರೈಂಡರಿನಲ್ಲಿ ಸವೆಸಿದರು. ಸಂದಿ ಬೆರಳು ತೂರುವಷ್ಟಾಯಿತು. ಆ ಸಂದಿ ಇರುವುದು ಎಲ್ಲಿ? ಚಾವಣಿಯ ನೀರು, ಹಿಂದಿನ ಗಾಜಿನ ನೀರು, ಎಲ್ಲ ಬಂದು ಬೀಳುವ ಸರಿಯಾದ ಜಾಗದಲ್ಲಿ.

ಆ ಜೂನಿನಲ್ಲಿ ಭಾವ ಅಕ್ಕನ ಜೊತೆ ಒಂದು ಮದುವೆಗೆ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬಂದ. ಡಿಕ್ಕಿಯಲ್ಲಿ ಸೀರೆಗಳ ಸೂಟ್‌ಕೇಸ್ ಇತ್ತು. ನಮ್ಮ ಅಂಗಳದಲ್ಲಿ ಸೂಟ್‌ಕೇಸ್ ಎತ್ತಿದಾಗ ಅದರ ಮೂಲೆಯಿಂದ ನೀರು ಧಾರೆಯಾಗಿ ಇಳಿಯಿತು. ಅಕ್ಕ ಆ ದಿನ ನನ್ನ ಹೆಂಡತಿಯ ಸೀರೆ ಉಟ್ಟು ಮದುವೆಗೆ ಹೋದಳು. ಭಾವನ ಹತ್ತಿರ ಈಗಲೂ ಆ ವಿಷಯ ಎತ್ತುವಂತಿಲ್ಲ. ನಾನಂತೂ ಎತ್ತುತ್ತೇನೆ, ಭಾವ ಅಂದಮೇಲೆ ಅಷ್ಟು ಹಕ್ಕು ಇದೆ.

ಹಳೇ ಹಿಡಿಕೆಯ ತೂತಿನದು ಬೇರೆ ಕಥೆ. ಮೇಲಿದ್ದ ಹಿಡಿಕೆಯನ್ನು ಕೆಳಗೆ ತಂದರೆ ಮೇಲಿನ ತೂತು ಮುಚ್ಚಬೇಕು. ಮುಚ್ಚಳದ ತಗಡು ತೆಳ್ಳಗೆ, 20 ಗೇಜ್ ಅಂದರೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ದಪ್ಪ. ಒಂದೇ ಸಮನೆ ಬೆಂಕಿ ಹಿಡಿದು ವೆಲ್ಡಿಂಗ್ ಮಾಡಿದರೆ ಕಾವಿಗೆ ತಗಡು ಹಪ್ಪಳದಂತೆ ಸುಕ್ಕಾಗುತ್ತದೆ. ಚುಕ್ಕೆ ಚುಕ್ಕೆಯಾಗಿ, ಆರಲು ಬಿಟ್ಟು ಬಿಟ್ಟು ಬೆಸೆಯಬೇಕು. ಅದಕ್ಕೆ ತಾಳ್ಮೆ ಇಲ್ಲದವರು ಪುಟ್ಟಿ ಮೆತ್ತುತ್ತಾರೆ. ಪುಟ್ಟಿ ನೀರು ಕುಡಿಯುತ್ತದೆ. ಹಿಂದಿನಿಂದ ತೂತು ತೆರೆದೇ ಇದ್ದರೆ ಎರಡು ಮಳೆಗಾಲದಲ್ಲಿ ಬಣ್ಣ ಗುಳ್ಳೆ ಏಳುತ್ತದೆ.

ಅಷ್ಟಾಗಿಯೂ ಇದೇ ಬೇಕು ಅನ್ನುವವರು ಗ್ಯಾರೇಜಿನವರ ಹತ್ತಿರ ಮೊದಲು ಒಂದೇ ಪ್ರಶ್ನೆ ಕೇಳಿ: ಬಿಜಾಗರಿ ಎಂಥದ್ದು ಹಾಕುತ್ತೀರಿ? ಕಾಗದದ ಮೇಲೆ ಬರೆದು ತೋರಿಸಲಿ. ರಟ್ಟಿನಲ್ಲಿ ಮಾದರಿ ಕತ್ತರಿಸಿ, ಮುಚ್ಚಳ ಹೇಗೆ ತಿರುಗುತ್ತದೆ ಅಂತ ತೋರಿಸಿದರೆ ಇನ್ನೂ ಒಳ್ಳೆಯದು. ಹಾಗೆ ತೋರಿಸುವವರಿಗೆ ಗಾಡಿ ಬಿಡಬಹುದು. “ಅದೆಲ್ಲ ನೋಡ್ಕೊಳ್ತೀವಿ ಬಿಡಿ ಸಾರ್” ಅಂದರೆ ಚಾ ಕುಡಿದು ವಾಪಸು ಬನ್ನಿ. ಇನ್ನು ಕೆಳಗಿನ ಚಿಲಕಕ್ಕೆ ಹೊಸ ತೂತು ಕೊರೆಯುವ ಮುಂಚೆ ಹಳೇ ಬಿಜಾಗರಿಯ ಬೋಲ್ಟ್ ಜಾಗ ನೋಡಿ. ಆ ಭಾಗದ ಲೋಹ ಗಟ್ಟಿ ಇರುತ್ತದೆ, ಬಹಳ ಸಲ ಚಿಲಕದ ಪಟ್ಟಿಯನ್ನು ಅಲ್ಲೇ ಕೂರಿಸಬಹುದು. ಮುಚ್ಚಳಕ್ಕೆ ಊರುಗೋಲು ಮರೆಯಬೇಡಿ. ಆ ಭಾರದ ತಗಡು ತಲೆಯ ಮೇಲೆ ಬಿದ್ದರೆ ಡಿಕ್ಕಿಯ ಎರಡೂ ಅರ್ಥ ಒಟ್ಟಿಗೇ ತಿಳಿಯುತ್ತದೆ. ಮಾಡೆಲ್ ಎ ಪೆಟ್ರೋಲ್ ಟ್ಯಾಂಕು ಮುಂದೆ, ಗಾಜಿನ ಎದುರಿಗೆ ಇದೆ, ಆ ಭಯ ಇಲ್ಲ. ಬೇರೆ ಎಷ್ಟೋ ಗಾಡಿಗಳಲ್ಲಿ ಟ್ಯಾಂಕು ಹಿಂದೆ, ನೆಲದ ಕೆಳಗೇ ಇರುತ್ತದೆ. ಡ್ರಿಲ್ ಹಿಡಿಯುವ ಮೊದಲು, ವೆಲ್ಡಿಂಗಿನ ಬೆಂಕಿ ಹತ್ತಿಸುವ ಮೊದಲು ಕೆಳಗೆ ಇಣುಕಿ ನೋಡಿ.

ನಾಲ್ಕನೇ ದಾರಿ: ಹೊರಗೊಂದು ಟ್ರಂಕು

ಆಗಿನವರೇ ಮಾಡುತ್ತಿದ್ದ ಉಪಾಯ ಇದು. ಬಂಪರಿನ ಮೇಲ್ಗಡೆ ಮಡಚುವ ಕಬ್ಬಿಣದ ಕ್ಯಾರಿಯರ್, ಅದರ ಮೇಲೆ ಚರ್ಮದ ಪಟ್ಟಿ ಬಿಗಿದ ಟ್ರಂಕು. ಸೀಟು ಸೀಟಾಗಿಯೇ ಉಳಿಯುತ್ತದೆ, ತಗಡಿಗೆ ಕೈ ಹಚ್ಚುವುದೇ ಇಲ್ಲ. ನೋಡಲು ಎಲ್ಲಕ್ಕಿಂತ ಚಂದ.

ಆದರೆ ಸ್ಟೆಪ್ನಿ ಎಲ್ಲಿದೆ ನೋಡಿ. ಹಿಂದೆ ನಿಂತಿದ್ದರೆ ಕ್ಯಾರಿಯರಿಗೆ ಜಾಗ ಇಲ್ಲ. ಮುಂದಿನ ಮಡ್‌ಗಾರ್ಡಿನ ಗುಂಡಿಯಲ್ಲಿ ಸ್ಟೆಪ್ನಿ ಕೂರುವ ಗಾಡಿಗೆ ಮಾತ್ರ ಇದು ಹೊಂದುತ್ತದೆ. ಟ್ರಂಕು ಎತ್ತರ ಇದ್ದರೆ ಹಿಂದಕ್ಕೆ ವಾಲುವ ರಂಬಲ್ ಮುಚ್ಚಳ ಅದಕ್ಕೆ ತಾಗುತ್ತದೆ, ಮೊದಲು ಅಳೆಯಿರಿ. ತೂಕವೆಲ್ಲ ಹಿಂದಿನ ಅಚ್ಚಿನ ಆಚೆ ನೇತಾಡುತ್ತದೆ ಅನ್ನುವುದೂ ನೆನಪಿರಲಿ. ಮಾಡೆಲ್ ಎಗೆ ಹಿಂದೆ ಇರುವುದು ಅಡ್ಡಕ್ಕೆ ಕೂತ ಒಂದೇ ಕಮಾನು ಸ್ಪ್ರಿಂಗು. ಬ್ರೇಕು ನಾಲ್ಕೂ ಗಾಲಿಗೆ ಇದೆ, ಆದರೆ ಸರಳಿನಿಂದ ಎಳೆಯುವ ಬ್ರೇಕು. ಫೋರ್ಡಿಗೆ ಹೈಡ್ರಾಲಿಕ್ ಬ್ರೇಕು ಬಂದದ್ದು 1939ರಲ್ಲಿ. ಹಿಂದೆ ಭಾರ ಹೇರಿಕೊಂಡು ದೇವಿಮನೆಯಲ್ಲೋ ಅರಬೈಲಿನಲ್ಲೋ ಇಳಿಯುವಾಗ ಕಾಲು ಬ್ರೇಕಿನ ಮೇಲಲ್ಲ, ಗಾಡಿ ಸಣ್ಣ ಗೇರಿನಲ್ಲಿರಬೇಕು. ಸೀಟಿನಲ್ಲಿ ಇಬ್ಬರು ಕೂರುತ್ತಿದ್ದರು ಅಂದರೆ ನೂರಿಪ್ಪತ್ತು ಕೆ.ಜಿ. ಲೆಕ್ಕ ಹಿಡಿಯಿರಿ. ಯಾವ ದಾರಿ ಹಿಡಿದರೂ ಸಾಮಾನು ಅದನ್ನು ಮೀರದಿರಲಿ. ಎರಡು ಅಡಿಕೆ ಚೀಲ ಹಾಕಿದರೆ ಅಲ್ಲಿಗೆ ಮುಗಿಯಿತು.

ಕಾಗದದ ವಿಷಯ

ಇದನ್ನು ಬಹಳ ಜನ ಕೊನೆಗೆ ಯೋಚಿಸುತ್ತಾರೆ. ಮೊದಲು ಯೋಚಿಸಿ.

ಆರ್‌ಸಿಯಲ್ಲಿ ಎಷ್ಟು ಸೀಟು ಅಂತ ಬರೆದಿದೆ ನೋಡಿ. ಒಳಗೆ ಎರಡು, ಹಿಂದೆ ಎರಡು ಸೇರಿ ನಾಲ್ಕು ಅಂತ ಇದ್ದರೆ, ಹಿಂದಿನದನ್ನು ಶಾಶ್ವತವಾಗಿ ತೆಗೆದ ದಿನವೇ ಗಾಡಿಗೂ ಕಾಗದಕ್ಕೂ ತಾಳೆ ತಪ್ಪಿತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹೇಳುವುದು ಇದನ್ನೇ: ಕಂಪನಿ ಕೊಟ್ಟ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದೇ ಮಾತನ್ನು ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ಪೆಟ್ಟಿಗೆ ಇಳಿಸುವುದು ಬದಲಾವಣೆ ಅಲ್ಲ, ಸಾಮಾನು ಇಟ್ಟದ್ದು ಅಷ್ಟೇ. ಮುಚ್ಚಳ ಕತ್ತರಿಸಿ ತಿರುಗಿಸುವುದು ಹಾಗಲ್ಲ.

ಹಳೇ ಕಾರಿನವರಿಗೆ ಇನ್ನೊಂದು ಲೆಕ್ಕವೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರಕಾರ ವಿಂಟೇಜ್ ಗಾಡಿಗಳಿಗೇ ಬೇರೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಮೈ, ಎಂಜಿನ್ ಬದಲಾಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಬಾಳಿಕೆ, ಆಮೇಲೆ ಮರು ನೋಂದಣಿಗೆ 5,000. ಹೊಸ ನಂಬರಿನಲ್ಲಿ ರಾಜ್ಯದ ಅಕ್ಷರದ ಪಕ್ಕ ‘ವಿಎ’ ಅಂತ ಬರುತ್ತದೆ. ಮೊದಲೇ ನೋಂದಣಿ ಇದ್ದವರು ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ನಮ್ಮ ಜಿಲ್ಲೆ 1956ರವರೆಗೆ ಮುಂಬೈ ಕಡೆ ಇತ್ತಲ್ಲ, ಹಾಗಾಗಿ ಮುಂಬೈ ನಂಬರಿನ ಹಳೇ ಕಾಗದ ಇದ್ದವರಿಗೆ ಇದು ಒಳ್ಳೆಯ ಸುದ್ದಿ. ಅಂಥ ಕಾಗದವನ್ನು ಜೋಪಾನವಾಗಿಡಿ, ಕಾರಿನಷ್ಟೇ ಬೆಲೆ ಅದಕ್ಕಿದೆ.

ಇಲ್ಲೇ ಒಂದು ಮಜಾ ಇದೆ. ವಿಂಟೇಜ್ ಅಂತ ನೋಂದಣಿ ಮಾಡಿಸಿದರೆ ಆ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಂಥದ್ದಕ್ಕೆ ಮಾತ್ರ. ಹಾಗಾದರೆ ದೊಡ್ಡ ಡಿಕ್ಕಿ ಯಾಕೆ ಬೇಕು? ರ‍್ಯಾಲಿಗೆ ಹೋಗುವವನಿಗೆ ಬೇಕಾದದ್ದು ಪಾನಾ, ನೀರಿನ ಕ್ಯಾನು, ಒಂದು ಜೊತೆ ಬಟ್ಟೆ, ಬುತ್ತಿ. ಅಷ್ಟಕ್ಕೆ ನನ್ನ ಎರಡು ಪೆಟ್ಟಿಗೆ ಸಾಕೋ ಸಾಕು. ಬರೀ ಅಷ್ಟಕ್ಕಾಗಿ ಮುಚ್ಚಳ ಕತ್ತರಿಸಿ, ಮೂಲ ರೂಪ ಕಳೆದುಕೊಂಡು, ವಿಂಟೇಜ್ ಪಟ್ಟವನ್ನೂ ಅಪಾಯಕ್ಕೆ ತಳ್ಳುವುದು ಅಂದರೆ ಅಡಿಕೆಗೆ ಹೋದ ಮಾನವೇ ಸರಿ. ಆನೆ ಕೊಟ್ಟರೂ ಬರುವುದಿಲ್ಲ.

ನನ್ನದು ಹಳೇ ಸಾಮಾನ್ಯ ನೋಂದಣಿಯಲ್ಲೇ ಐದು ವರ್ಷಕ್ಕೊಮ್ಮೆ ನವೀಕರಣವಾಗುತ್ತಿದೆ. ಆದ್ದರಿಂದ ಕುಮಟಾಕ್ಕೂ ಹೋಗುತ್ತೇನೆ, ಕಾರವಾರಕ್ಕೂ ಹೋಗುತ್ತೇನೆ. ಶಿರಸಿಯವರಿಗೆ ಕೆಎ-31, ಕಾರವಾರದ ಕಡೆಯವರಿಗೆ ಕೆಎ-30ರ ಆರ್‌ಟಿಒ ಕಚೇರಿ. ಕೆಲಸಕ್ಕೆ ಕೈ ಹಾಕುವ ಮೊದಲು ಒಮ್ಮೆ ಹೋಗಿ ಕೇಳಿ ಬನ್ನಿ. ವಿಮೆಯವರಿಗೂ ತಿಳಿಸಿ.

ನೀರಿನ ಪರೀಕ್ಷೆ

ಯಾವ ದಾರಿ ಹಿಡಿದರೂ ಇದು ತಪ್ಪಿದ್ದಲ್ಲ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ. ಅದರ ಮೇಲೆ ಉಪ್ಪಿನ ಗಾಳಿ. ಈ ಕಾರುಗಳನ್ನು ಮಾಡಿದವರಿಗೆ ನಮ್ಮ ಆಷಾಢ ಗೊತ್ತಿರಲಿಲ್ಲ.

ಆದರೆ ಅವರು ದಡ್ಡರೇನಲ್ಲ. ಮುಚ್ಚಳದ ಸಂದಿಯಲ್ಲಿ ನೀರು ಇಳಿದೇ ಇಳಿಯುತ್ತದೆ ಅಂತ ಗೊತ್ತಿದ್ದೇ ಸುತ್ತಲೂ ಒಂದು ಕಾಲುವೆ ಬಿಟ್ಟಿದ್ದಾರೆ. ಸೂರಿನ ಕೆಳಗೆ ನಾವು ಕಟ್ಟುವ ಅಡಿಕೆ ದೋಣಿಯಂತೆ. ಆ ಕಾಲುವೆಯ ನೀರು ಮೂಲೆಯ ಕೊಳವೆಯಿಂದ ನೆಲಕ್ಕೆ ಇಳಿಯಬೇಕು. ಕೊಳವೆಯಲ್ಲಿ ಮಣ್ಣು, ಎಲೆ, ಕಣಜದ ಗೂಡು ಸೇರಿ ಕಟ್ಟಿಕೊಂಡರೆ ಕಾಲುವೆ ತುಂಬಿ ನೀರು ಒಳಕ್ಕೆ ಉಕ್ಕುತ್ತದೆ. ನನ್ನ ಗಾಡಿಯ ಸೋರಿಕೆಯ ಮುಕ್ಕಾಲು ಪಾಲು ನಿಂತದ್ದು ಹೊಸ ರಬ್ಬರಿನಿಂದಲ್ಲ. ಒಂದು ಸೈಕಲ್ ಬ್ರೇಕ್ ತಂತಿ ತೂರಿಸಿ ಕೊಳವೆ ಬಿಡಿಸಿದ್ದರಿಂದ.

ರಬ್ಬರು ಬಿಗಿಯಾಗಿ ಕೂತಿದೆಯೇ ಅಂತ ನೋಡಲು ಸುಲಭದ ದಾರಿ ಇದೆ. ಕಾಗದದ ಪಟ್ಟಿ ಇಟ್ಟು ಮುಚ್ಚಳ ಹಾಕಿ, ಎಳೆಯಿರಿ. ಎಳೆಯುವಾಗ ಬಿಗಿ ಇರಬೇಕು. ಸಲೀಸಾಗಿ ಬಂದರೆ ಅಲ್ಲಿ ರಬ್ಬರು ಮುಟ್ಟಿಲ್ಲ. ಸುತ್ತಲೂ ಒಂದೊಂದು ಗೇಣಿಗೆ ಹೀಗೆ ನೋಡುತ್ತ ಹೋಗಿ. ರಾತ್ರಿ ಒಳಗೆ ಬ್ಯಾಟರಿ ಹಚ್ಚಿಟ್ಟು ಮುಚ್ಚಿದರೆ ಬೆಳಕು ಎಲ್ಲಿ ಸೋರುತ್ತದೆಯೋ ನೀರೂ ಅಲ್ಲಿ ಸೋರುತ್ತದೆ. ಆಮೇಲೆ ಪೈಪು ಹಿಡಿದು ಹಿಂದಿನ ಗಾಜಿನ ಮೇಲಿಂದ ಹತ್ತು ನಿಮಿಷ ನೀರು ಬಿಡಿ. ನೇರ ಸಂದಿಗೆ ಬಿಡಬೇಡಿ, ಮಳೆ ಹಾಗೆ ಬರುವುದಿಲ್ಲ.

ನೆಲಕ್ಕೆ ಗೋಣಿ, ಚಾಪೆ, ಕಾರ್ಪೆಟ್ ಯಾವುದೂ ಬೇಡ. ಬಣ್ಣ ಹೊಡೆದ ಬರಿ ತಗಡು, ಅದರ ಮೇಲೆ ಮರದ ಪಟ್ಟಿ. ಮತ್ತೊಂದು ಮಾತು, ಮನೆಯಲ್ಲಿ ಮಕ್ಕಳಿದ್ದರೆ ಹಿಡಿಕೆಗೆ ಬೀಗ ಇರಲಿ. ಈ ಮುಚ್ಚಳಗಳು ಒಳಗಿನಿಂದ ತೆರೆಯುವುದಿಲ್ಲ. ಕಣ್ಣಾಮುಚ್ಚಾಲೆ ಆಡುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಕಾಣುವುದಿಲ್ಲ, ಅದೇ ಹೆದರಿಕೆ.

ಹಾಗಾದರೆ ಯಾರಿಗೆ ಯಾವುದು?

ಗಾಡಿ ಫೋರ್ಡ್ ಆಗಿದ್ದು, ಮುಚ್ಚಳವನ್ನು ಹಿಂದಿನವರು ಯಾರೋ ಈಗಾಗಲೇ ಕೆಡಿಸಿದ್ದು, ಆರ್‌ಸಿಯಲ್ಲಿ ಎರಡೇ ಸೀಟು ಇದ್ದರೆ ಮೂರನೇ ದಾರಿ ಯೋಚಿಸಬಹುದು, ಕಾರ್ಖಾನೆ ಮಾದರಿಯ ಬಿಜಾಗರಿ ತರಿಸಿ, ಆರ್‌ಟಿಒದಲ್ಲಿ ಕೇಳಿಕೊಂಡು. ಸ್ಟೆಪ್ನಿ ಪಕ್ಕದಲ್ಲಿದ್ದು, ಮನೆಯಲ್ಲಿ ಹಿಂದೆ ಕೂರುವ ಉತ್ಸಾಹಿಗಳೂ ಇದ್ದರೆ ನಾಲ್ಕನೆಯದು. ಉಳಿದ ಎಲ್ಲರಿಗೂ ಪೆಟ್ಟಿಗೆ. ಮರದ ಮೈಯ ಗಾಡಿ ಇದ್ದವರು ಯಾವ ದಾರಿ ಹಿಡಿಯುವ ಮೊದಲೂ ಒಂದು ಸಣ್ಣ ಸ್ಕ್ರೂ ಡ್ರೈವರ್ ಹಿಡಿದು ಮರವನ್ನು ಚುಚ್ಚಿ ನೋಡಿ. ಬೆಣ್ಣೆಯಂತೆ ಒಳಗೆ ಹೋದರೆ ಮೊದಲ ಕೆಲಸ ಅದು, ಡಿಕ್ಕಿ ಆಮೇಲೆ.

ತೆಗೆದ ಸೀಟನ್ನು ಮಾತ್ರ ಗುಜರಿಗೆ ಹಾಕಬೇಡಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗೇ ಬೆವರಿ ಬೂಸ್ಟು ಬರುತ್ತದೆ. ಹಳೇ ಪಂಚೆಯಲ್ಲಿ ಸುತ್ತಿ, ಇಲಿ ಮುಟ್ಟದಂತೆ ಮೆತ್ತಿನ ಜಂತಿಗೆ ತೂಗುಹಾಕಿ. ಬಿಚ್ಚಿದ ಬೋಲ್ಟುಗಳನ್ನು ಡಬ್ಬಿಯಲ್ಲಿ ಹಾಕಿ, ಎಲ್ಲಿಯದು ಅಂತ ಚೀಟಿ ಬರೆದು, ಅದೇ ಸೀಟಿಗೆ ಕಟ್ಟಿಡಿ.

ಕಳೆದ ಮಾರಿಕಾಂಬಾ ಜಾತ್ರೆಗೆ ಮಗಳು ಹಟ ಹಿಡಿದಳು, ಹಿಂದೆ ಕೂತೇ ಹೋಗಬೇಕು ಅಂತ. ಪೆಟ್ಟಿಗೆ ಎತ್ತಿ, ಪಟ್ಟಿಗಳನ್ನು ಬಿಚ್ಚಿ, ಸೀಟು ಇಳಿಸಿ ಕೂರಿಸಲು ಒಂದು ಗಂಟೆಯೂ ಬೇಕಾಗಲಿಲ್ಲ. ಮನೆಯಿಂದ ಗೇಟಿನವರೆಗಿನ ಮಣ್ಣಿನ ದಾರಿಯಲ್ಲಿ ನಿಧಾನಕ್ಕೆ ಎರಡು ಸುತ್ತು ಹೊಡೆದೆವು, ರಸ್ತೆಗೆ ಇಳಿಯಲಿಲ್ಲ. ಜಾತ್ರೆಗೆ ಹೋದದ್ದು ಬಸ್ಸಿನಲ್ಲಿ. ನನ್ನ ಅತ್ತೆ ಅಂಗಳದಲ್ಲಿ ನಿಂತು ನೋಡುತ್ತಿದ್ದವರು ಮೂರನೇ ಸುತ್ತಿಗೆ ತಾವೂ ಹತ್ತಿ ಕೂತರು. ಆ ಸೀಟಿಗೆ ಅಮೆರಿಕದಲ್ಲಿ ಏನು ಹೆಸರು ಅಂತ ನಾನು ಅವರಿಗೆ ಇನ್ನೂ ಹೇಳಿಲ್ಲ.